ಹಿಂದಿನ ಎಡ ಚಕ್ರ

ನಮ್ಮ ಕಾರು ಎಡಕ್ಕೆ ಎಳೆಯಲು ಶುರು ಮಾಡಿದಾಗ ಮನೆಯವರೆಲ್ಲ ಸೇರಿ ಮೊದಲು ಮಾವನವರ ಕಣ್ಣನ್ನು ದೂರಿದೆವು, ಆಮೇಲೆ ಕೈಯನ್ನು, ಆಮೇಲೆ ವಯಸ್ಸನ್ನು. ಕಾರನ್ನು ಮಾತ್ರ ಒಬ್ಬರೂ ದೂರಲಿಲ್ಲ. ಮನೆಯವರೆಲ್ಲ ಎಂದರೆ ನಾನು ಮತ್ತು ನನ್ನ ಗಂಡ, ಇಬ್ಬರೇ. ಆದರೆ ನಾವಿಬ್ಬರು ಒಂದು ಮಾತಿಗೆ ನಿಂತೆವೆಂದರೆ ಕಲ್ಯಾಣ ಮಂಟಪದಷ್ಟು ಸದ್ದಾಗುತ್ತದೆ, ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮತ್ತು ತಪ್ಪು ಯಾವಾಗಲೂ ಬೇರೆಯವರದ್ದೇ ಎಂಬ ನಂಬಿಕೆ ವೃತ್ತಿಯಿಂದ ಬಂದಿದೆ. ಮಾವನವರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಕೆಡವಿಲ್ಲ ಎನ್ನುತ್ತಾರೆ. ಕೋಳಿಗಳ ಸಾಕ್ಷಿ ಸಿಗದ ಕಾರಣ ನಂಬಿದ್ದೇವೆ. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಒಂದೇ ಕಾರ್ಯಕ್ರಮ ಭಾನುವಾರದ್ದು. ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ನಮ್ಮ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡು ಕೆಂಗೇರಿ ಉಪನಗರಕ್ಕೆ ಹೋಗುವುದು. ಅಲ್ಲಿ ಅವರ ಹಳೆಯ ಕಂಡಕ್ಟರ್ ಇದ್ದಾರೆ. ಇಬ್ಬರೂ ಹದಿನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಡ್ಯೂಟಿ ಮಾಡಿದವರು. ಕಂಡಕ್ಟರಿಗೆ ಈಗ ಎರಡೂ ಮಂಡಿ ಹೋಗಿವೆ, ಮೆಟ್ಟಿಲು ಹತ್ತಲಾರರು, ಆಟೋಗೆ ಬಗ್ಗಿ ಕೂರಲಾರರು. ಈ ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಕಾಲು ಚಾಚಿ ಕೂರುತ್ತಾರೆ. ಮಾವ ಅವರನ್ನು ದೋಸೆ ತಿನ್ನಿಸಲು ಕರೆದೊಯ್ಯುತ್ತಾರೆ. ಹೊರಡುವ ಮುಂಚೆ ಕಂಡಕ್ಟರು ಕಾರಿನ ಬಾಗಿಲನ್ನು ಒಳಗಿನಿಂದ ಎರಡು ಸಲ ಬಡಿದು "ಹೋಗ್ಲೀ" ಎನ್ನದ ಹೊರತು ಮಾವ ಗೇರು ಹಾಕುವುದಿಲ್ಲ. ನಾನೊಮ್ಮೆ ಜೊತೆಗೆ ಹೋಗಿದ್ದಾಗ ಕಣ್ಣಾರೆ ನೋಡಿದ್ದೇನೆ.

ನನಗೆ ಡ್ರೈವಿಂಗ್ ಕಲಿಸಿದವರೂ ಮಾವನೇ. ಗಂಡನ ಹತ್ತಿರ ಕಲಿಯಲು ಹೋಗಿ ಎರಡನೇ ದಿನಕ್ಕೇ ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದುಕೊಂಡು ಬಂದಿದ್ದೆ. ಮಾವ ಬೈಯಲಿಲ್ಲ. "ನಿಧಾನ ಕಣಮ್ಮ, ಪ್ಯಾಸೆಂಜರ್ ನಿಂತಿದಾರೆ ಅನ್ಕೋ" ಎನ್ನುತ್ತಿದ್ದರು, ಅಷ್ಟೆ. ಲೈಸೆನ್ಸ್ ಬಂದ ದಿನ ನನಗಿಂತ ಹೆಚ್ಚು ಕುಣಿದವರು ಅವರು. ನನ್ನ ಗಂಡ "ಸದ್ಯಕ್ಕೆ ಒಬ್ಬಳೇ ತಗೊಂಡ್ಹೋಗ್ಬೇಡ, ಒಂದು ಗೀರು ಬಿದ್ರೂ ಕೀ ವಾಪಸ್ಸು" ಎಂದಿದ್ದರು.

ಕಥೆಯಲ್ಲಿ ಈಗ ಆಯುಧ ಪೂಜೆ ಬರುತ್ತದೆ. ನಮ್ಮ ರಸ್ತೆಯಲ್ಲಿ ಆಯುಧ ಪೂಜೆ ಎಂದರೆ ಪ್ರತಿ ಮನೆಯ ಮುಂದೆಯೂ ಒಂದೊಂದು ಬೂದುಗುಂಬಳಕಾಯಿ ಒಡೆಯಲೇಬೇಕು. ಹೊಟ್ಟೆಯೊಳಗೆ ಕುಂಕುಮ ತುಂಬಿ, ಕಾರಿಗೆ ಮೂರು ಸುತ್ತು ನಿವಾಳಿಸಿ, ಇಡೀ ವರ್ಷದ ಹಗೆಯನ್ನೆಲ್ಲ ಸೇರಿಸಿ ರಸ್ತೆಗೆ ಅಪ್ಪಳಿಸುವುದು. ದೃಷ್ಟಿ ಹೋಗುತ್ತದೆ, ಜೊತೆಗೆ ಟೂ ವೀಲರಿನವರ ಹಲ್ಲೂ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಪೂರ್ತಿ ಬಿಳಿ ತಿರುಳು, ಕೆಂಪು ನೀರು, ಬೀಜ. ಪೂಜೆ ಮಾಡಿಸಿಕೊಂಡ ಗಾಡಿ ನಾಲ್ಕು ನಿಂಬೆಹಣ್ಣು ತುಳಿದು ಒಂದು ರೌಂಡ್ ಹೋಗಿ ಬರಬೇಕು. ಆ ವರ್ಷ ಆ ರೌಂಡು ನನಗೆ ಸಿಕ್ಕಿತು. ಮಾವನೇ ಕೊಡಿಸಿದ್ದು. "ಅವಳೂ ಕಲ್ತಿದಾಳಲ್ಲ, ಹೋಗ್ಬರ್ಲಿ ಬಿಡೋ" ಎಂದು ಮಗನಿಗೆ ಹೇಳಿದರು.

ನಿಂಬೆಹಣ್ಣು ತುಳಿದೆ. ರಸ್ತೆಯ ತುದಿಯಲ್ಲಿ ಎಡಕ್ಕೆ ತಿರುಗಿದೆ. ಅಲ್ಲೊಂದು ಹಸು ಯಾರದೋ ಆಟೋಗೆ ಕಟ್ಟಿದ್ದ ಬಾಳೆಕಂದನ್ನು ಆರಾಮಾಗಿ ಅಗಿಯುತ್ತಾ ನನ್ನ ದಾರಿಗೆ ಅಡ್ಡ ನಿಂತಿತ್ತು. ಬ್ರೇಕ್ ಒತ್ತಿದೆ. ಚಕ್ರದ ಕೆಳಗೆ ಯಾವ ಪುಣ್ಯಾತ್ಮನ ಬೂದುಗುಂಬಳವೋ, ಕಾರಿನ ಹಿಂಭಾಗ ಜರ್ರನೆ ಎಡಕ್ಕೆ ಜಾರಿ ಹಿಂದಿನ ಚಕ್ರ ಫುಟ್‌ಪಾತಿನ ಕಲ್ಲಿಗೆ ಧಡ್ ಎಂದು ಪಕ್ಕದಿಂದ ಬಡಿಯಿತು. ಇಳಿದು ನೋಡಿದೆ. ಕಾರಿನ ಮೈಗೆ ಏನೂ ಆಗಿರಲಿಲ್ಲ, ಚಕ್ರದ ರಿಮ್ಮಿನ ಅಂಚಿನಲ್ಲಿ ಒಂದು ಗೀರು, ಅಷ್ಟೆ. ಸೆರಗಿನಿಂದ ಒರೆಸಿದೆ. ಹಸು ನನ್ನನ್ನೇ ನೋಡುತ್ತಿತ್ತು. ಅದೊಂದೇ ಸಾಕ್ಷಿ. ಮನೆಗೆ ಬಂದಾಗ ಗಂಡ "ಹೇಗಿತ್ತು?" ಎಂದರು. "ಫಸ್ಟ್ ಕ್ಲಾಸ್" ಎಂದೆ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರೆತೂಬಿಟ್ಟೆ. ಬೇಡದ್ದನ್ನು ಮರೆಯುವ ವಿಷಯದಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ. ಮರುದಿನದಿಂದ ಎಂದಿನಂತೆ ಮೆಟ್ರೋದಲ್ಲಿ ಶಾಲೆಗೆ ಹೋದೆ, ಕಾರು ಮಾವನವರ ಪಾಲಿಗೆ ಉಳಿಯಿತು.

ಎರಡನೇ ವಾರ ಮಾವ ಎದುರುಮನೆಯವರ ಸೇವಂತಿಗೆ ಕುಂಡಕ್ಕೆ ಮುಂದಿನ ಎಡ ಮೂಲೆಯನ್ನು ತಾಗಿಸಿದರು. ಕುಂಡ ಒಡೆಯಿತು. ಆ ಆಂಟಿ ಒಂದು ವಾರ ಹೂವಿನ ಸಾವಿಗೆ ಸೂತಕ ಆಚರಿಸಿದರು. ನಾಲ್ಕನೇ ವಾರ ನಿಂತಿದ್ದ ಸ್ಕೂಟರಿನ ಕನ್ನಡಿ ಹೋಯಿತು. ಅದೂ ಎಡಕ್ಕೇ. ಮಾವ ಕಾರು ನಿಲ್ಲಿಸಿ ಅದರ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತಿದ್ದರು.

ಅವತ್ತೇ ಸಂಜೆ ನಡುಮನೆಯಲ್ಲಿ ಸಭೆ. ನನ್ನ ಗಂಡನಿಗೆ ಅಪ್ಪನ ಎದುರು ಬಾಯಿ ಬರುವುದಿಲ್ಲ, ಟಿವಿ ರಿಮೋಟು ತಿರುಗಿಸುತ್ತಾ ಕೂತರು. ಮಾತಾಡಿದವಳು ನಾನು. "ಮಾವ, ನಿಮ್ ಕೈ ಎಡಕ್ಕೆ ಎಳೀತಿದೆ. ನಿಮಗೇ ಗೊತ್ತಾಗ್ತಿಲ್ಲ. ನಾಳೆ ಯಾರಾದ್ರೂ ಮಗು ಅಡ್ಡ ಬಂದ್ರೆ?" ಎಂದೆ. ಮಗು ಎಂಬ ಮಾತು ಹಾಕಿದರೆ ಎದುರಿನವರು ಸೋಲುತ್ತಾರೆ ಎಂದು ನನಗೆ ಗೊತ್ತಿತ್ತು. ಪೋಷಕರ ಸಭೆಯಲ್ಲಿ ಎಷ್ಟು ಸಲ ಬಳಸಿಲ್ಲ! ಮಾವ ತಮ್ಮ ಎರಡೂ ಅಂಗೈ ನೋಡಿಕೊಂಡರು. ಎದ್ದು ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆದು ನನ್ನ ಕೈಗೇ ಕೊಟ್ಟರು. "ಸರಿ ಕಣಮ್ಮ" ಎಂದರು. ನಾನು ಅದನ್ನು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಗೆದ್ದ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಆ ಭಾನುವಾರ ಮಾವ ಎಂದಿನಂತೆ ಸ್ನಾನ ಮಾಡಿದರು, ಇಸ್ತ್ರಿ ಶರ್ಟು ಹಾಕಿದರು, ಸೋಫಾದಲ್ಲಿ ಕೂತರು. ಕೆಂಗೇರಿಯಿಂದ ಫೋನು ಬಂತು. "ಕಾರು ಸರ್ವೀಸಿಗೆ ಬಿಟ್ಟಿದೀವಪ್ಪಾ" ಎಂದರು. ಮುಂದಿನ ಭಾನುವಾರವೂ ಅದೇ. ಅದರ ಮುಂದಿನದ್ದಕ್ಕೆ "ಏನೋ ಪಾರ್ಟು ಸಿಗ್ತಿಲ್ಲವಂತೆ" ಎಂದು ಸುಳ್ಳಿಗೆ ಹೊಸ ಬಿಡಿಭಾಗ ಜೋಡಿಸಿದರು. ನಾನು "ಮೆಟ್ರೋದಲ್ಲಿ ಹೋಗ್ಬನ್ನಿ ಮಾವ" ಎಂದೆ. "ಹೋಗಿ ಏನ್ ಮಾಡ್ಲಿ, ಅವನನ್ನ ಹೊತ್ಕೊಂಡ್ ತಿರುಗ್ಲಾ?" ಎಂದರು. ಕೋಪವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೂ ಜಗಳವಾಡಲು ಒಂದು ದಾರಿ ಇರುತ್ತಿತ್ತು.

ಒಂದು ಬೆಳಗ್ಗೆ ಅಡುಗೆಮನೆಗೆ ಹೋದಾಗ ಅವರು ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಕೈ ಚಾಚಿ ಹಿಡಿದು ನಿಂತಿದ್ದರು. ನೀರನ್ನೇ ನೋಡುತ್ತಿದ್ದರು. ಒಂದು ಹನಿಯೂ ಚೆಲ್ಲಿರಲಿಲ್ಲ. ನನ್ನನ್ನು ಕಂಡೊಡನೆ ಗಟಗಟನೆ ಕುಡಿದು "ಬಾಯಾರಿಕೆ" ಎಂದರು. ನಾನು ಏನೂ ನೋಡದವಳಂತೆ ಕಾಫಿಗೆ ಹಾಲಿಟ್ಟೆ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಬೀರು ತೆರೆಯಲಿಲ್ಲ.

ತೆರೆದದ್ದು ನನ್ನ ಅಗತ್ಯಕ್ಕೆ. ಶಾಲೆಯ ವಿಜ್ಞಾನ ಮೇಳಕ್ಕೆ ಮಾದರಿಗಳನ್ನು ಬಸವೇಶ್ವರನಗರಕ್ಕೆ ಸಾಗಿಸಬೇಕಿತ್ತು, ಥರ್ಮಕೋಲಿನ ಜ್ವಾಲಾಮುಖಿಯನ್ನು ಮೆಟ್ರೋದಲ್ಲಿ ಒಯ್ಯಲಾಗದು. ಕಾರು ತೆಗೆದೆ. ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಕಾರು ಎಡಕ್ಕೆ. ಕಾರು ನೆಟ್ಟಗೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ. ಸಿಗ್ನಲ್ಲಿನಲ್ಲಿ ಹಿಂದಿನಿಂದ ಬಂದ ಡೆಲಿವರಿ ಹುಡುಗನೊಬ್ಬ ಕಿಟಕಿ ತಟ್ಟಿ, "ಆಂಟಿ, ನಿಮ್ ಗಾಡಿ ಏಡಿ ತರ ಓರೆ ಹೋಗ್ತಾ ಇದೆ" ಎಂದು ಹೇಳಿ ನುಗ್ಗಿ ಹೋದ. ಆಂಟಿ ಅಂದದ್ದಕ್ಕೆ ಬೈಯಬೇಕಿತ್ತು, ಆದರೆ ಸ್ಟೀರಿಂಗಿನ ಮೇಲಿದ್ದ ನನ್ನ ಕೈಗಳನ್ನೇ ನೋಡಿದೆ. ನನ್ನ ಕೈಗೆ ವಯಸ್ಸಾಗಿರಲಿಲ್ಲ, ಕಣ್ಣಿಗೆ ಪೊರೆ ಬಂದಿರಲಿಲ್ಲ. ಹಾಗಾದರೆ ಮಾವನವರ ಕೈಗೂ ಏನೂ ಆಗಿರಲಿಲ್ಲ.

ಅವತ್ತೇ ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಮಾಡುವ ಕಡೆ ಬಿಟ್ಟೆ. ನಾಲ್ಕೂ ಚಕ್ರಕ್ಕೆ ತಟ್ಟೆ ಸಿಕ್ಕಿಸಿದರು, ಪರದೆಯ ಮೇಲೆ ಅಂಕಿಗಳು ಬಂದವು, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮುಂದಿನ ಎರಡನ್ನು ತಿರುವಿ ತಿರುವಿ ಹಸಿರು ಮಾಡಿದರು. ಹಿಂದಿನ ಎಡಗಡೆಯದು ಕೆಂಡದಂತೆ ಕೆಂಪಗೇ ಇತ್ತು. "ಅದು?" ಎಂದೆ. "ಅದು ಹಂಗೇ ಮೇಡಂ, ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ಲ" ಎಂದ ಅಲ್ಲಿನ ಹುಡುಗ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬನಿಗೆ ಮೂರು ಅಂಕ ಬಂದರೆ ಅವನು ಹಂಗೇ ಎಂದು ಬಿಡುತ್ತೇವೆಯೇ? ಬಿಡುತ್ತೇವೆ, ಅದು ಬೇರೆ ಮಾತು. ಇನ್ನೊಂದು ಅಂಗಡಿಗೆ ಹೋದೆ, ಅಲ್ಲೂ ಅದೇ ಉತ್ತರ. ಕಾರು ಮೊದಲಿಗಿಂತ ಹೆಚ್ಚು ಓರೆಯಾಗಿ ಮನೆಗೆ ಬಂತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಮಾವನವರ ಮುಂದೆ ನಿಂತೆ. "ನಿಮ್ ಕೈಯಲ್ಲ ಮಾವ, ಕಾರೇ ಎಳೀತಿರೋದು. ಬನ್ನಿ ನನ್ ಜೊತೆ" ಎಂದೆ. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಆದರೂ ಬಂದರು.

ನಾಯಂಡಹಳ್ಳಿಯಲ್ಲಿ ಮೆಟ್ರೋ ಕಂಬಗಳ ಹಿಂದೆ, ಗೋಡೌನುಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು. ಮೆಕ್ಯಾನಿಕ್ಕು ಗದಗ ಕಡೆಯವರು, ಐವತ್ತರ ಆಸುಪಾಸು, ಮೀಸೆಗೂ ಗ್ರೀಸ್ ಹತ್ತಿತ್ತು. ಕಂಪ್ಯೂಟರಿನ ಕಾಗದ ಕೊಟ್ಟರೆ ಮಡಿಸಿ ಜೇಬಿಗಿಟ್ಟುಕೊಂಡರು. ಹಿಂದಿನ ಎಡ ಟೈರಿನ ಮೇಲೆ ಅಂಗೈ ಒಮ್ಮೆ ಹೊರಗಿನಿಂದ ಒಳಕ್ಕೆ, ಒಮ್ಮೆ ಒಳಗಿನಿಂದ ಹೊರಕ್ಕೆ ಸವರಿದರು. ನನ್ನ ಕೈಯನ್ನೂ ಇಡಲು ಹೇಳಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸ. ಹೊರ ಅಂಚು ಪೂರ್ತಿ ಸವೆದಿತ್ತು.

"ಅಕ್ಕಾರ, ರೋಗ ಹಿಂದ ಐತಿ, ಇವರು ಮುಂದಿಂದಕ್ಕ ಔಷಧ ಹಾಕ್ಯಾರ" ಎಂದರು.

"ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ವಂತೆ" ಎಂದೆ.

"ಸಣ್ಣ ಕಾರಿಗೆ ಬರಂಗಿಲ್ರಿ. ಎರಡೂ ಚಕ್ರಕ್ಕ ಒಂದ ದಿಂಡು ಇರ್ತೈತಿ, ಕಂಪನಿಯಾಗ ಹೆಂಗ ಕೂಡ್ಸ್ಯಾರೋ ಹಂಗ. ದಿನಾ ಅಂಥಾವನ್ನ ನೋಡಿ ನೋಡಿ ಎಲ್ಲಾ ಹಂಗ ಅಂತ ತಿಳ್ಕೊಂಡಾರ. ಇದು ಇಂಡಿಪೆಂಡೆಂಟ್ ಐತ್ರಿ. ಒಂದ ಮನ್ಯಾಗ ಇದ್ರೂ ಬ್ಯಾರೆ ಬ್ಯಾರೆ ಒಲಿ. ಒಂದು ಚಕ್ರ ಸೊಟ್ಟ ಆದ್ರ ಇನ್ನೊಂದಕ್ಕ ಗೊತ್ತ ಆಗಂಗಿಲ್ಲ."

ಮಾವ ಮೊದಲ ಬಾರಿಗೆ ಮಾತಾಡಿದರು. "ಬಸ್ಸಲ್ಲೂ ಹಿಂದೆ ಒಂದೇ ದಿಂಡು. ಹಿಂದಿನ ಚಕ್ರ ದಾರಿ ತಪ್ಪಿಸುತ್ತೆ ಅನ್ನೋದು ನಂಗ್ ಗೊತ್ತೇ ಇಲ್ವಲ್ಲಪ್ಪ."

ಮೆಕ್ಯಾನಿಕ್ಕು ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಗಾರೆ ಮೇಸ್ತ್ರಿಗಳು ಗೋಡೆ ಕಟ್ಟುವಾಗ ಹಿಡಿಯುವ ದಾರವನ್ನು ತಂದರು. ಕಾರಿನ ಎರಡೂ ಪಕ್ಕಕ್ಕೆ, ಚಕ್ರದ ನಡುಮಟ್ಟಕ್ಕೆ, ಕಬ್ಬಿಣದ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಬಿಗಿದು ಕಟ್ಟಿದರು. ದಾರ ಎರಡೂ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುವವರೆಗೆ ಅಳೆದರು, ಸರಿಸಿದರು, ಮತ್ತೆ ಅಳೆದರು. ಇಪ್ಪತ್ತು ವರ್ಷ ಸಮಾನಾಂತರ ರೇಖೆಗಳನ್ನು ಬೋರ್ಡಿನ ಮೇಲೆ ಎಳೆದಿದ್ದೇನೆ, ಅವುಗಳಿಂದ ಯಾರಿಗಾದರೂ ಉಪಕಾರವಾದದ್ದನ್ನು ನೋಡಿದ್ದು ಅವತ್ತೇ. ಆಮೇಲೆ ಸ್ಟೀಲ್ ಸ್ಕೇಲನ್ನು ನನ್ನ ಕೈಗೆ ಕೊಟ್ಟು, ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು, ಓದಿ ಹೇಳಲು ಹೇಳಿದರು. ಬಲ ಚಕ್ರಕ್ಕೆ ಒಂದು ಮಿಲಿಮೀಟರ್ ವ್ಯತ್ಯಾಸ. ಎಡ ಚಕ್ರಕ್ಕೆ ಏಳು. ಚಕ್ರದ ಮೂತಿ ಅಷ್ಟು ಒಳಕ್ಕೆ ತಿರುಗಿತ್ತು. ಏಳು ಮಿಲಿಮೀಟರಿಗಾಗಿ ನಾನು ಒಬ್ಬ ಮನುಷ್ಯನ ಮೂವತ್ತೊಂದು ವರ್ಷವನ್ನು ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ.

ಅವರು ಗುಂಡಿಗಿಳಿದು ಟಾರ್ಚ್ ಬಿಟ್ಟರು. "ಇಲ್ನೋಡ್ರಿ. ಈ ಬೋಲ್ಟಿನ ವಾಷರು ನಟ್ಟನಡುವ ಕೂತಿಲ್ಲ, ಓರೆ ಕೂತೈತಿ. ಇದನ್ನ ತಿರುವಿದ್ರ ಚಕ್ರ ಒಳಗ ಹೊರಗ ಆಗ್ತೈತಿ. ಹಳೇ ಧೂಳಿನ ಗುರುತು ಇಲ್ಲೈತಿ, ವಾಷರು ಅಲ್ಲಿಗೆ ಜರುಗೈತಿ. ಮೊದಲ ಯಾರೋ ಸರಿ ಬಿಗಿದಿಲ್ಲ, ಆಮ್ಯಾಲ ಪಕ್ಕದಿಂದ ಪೆಟ್ಟು ಬಿದ್ದೈತಿ. ರಿಮ್ಮಿಗೂ ಕಲ್ಲು ಬಡದದ್ದು ಕಾಣ್ತೈತಿ." ತಲೆ ಎತ್ತಿ ಮಾವನನ್ನು ನೋಡಿದರು. "ಹಿರಿಯಾರ, ಎಲ್ಲಿ ಹೊಡದ್ರಿ?"

ಹಸು, ಬಾಳೆಕಂದು, ಕೆಂಪು ನೀರು, ಧಡ್ ಎಂಬ ಸದ್ದು, ಎಲ್ಲ ಒಟ್ಟಿಗೆ ಬಂದವು. ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಳಿಬಿಟ್ಟಿದ್ದರು.

"ಹೂಂನಪ್ಪ, ನಾನೇ ಎಲ್ಲೋ ಹೊಡ್ದಿರ್ಬೇಕು. ವಯಸ್ಸಾಯ್ತು ನೋಡು."

"ಅಲ್ಲ!" ಎಂದು ಕಿರುಚಿದೆ. ಪಕ್ಕದ ಗೋಡೌನಿನವರು ಇಣುಕಿದರು. "ನಾನು ಹೊಡ್ದಿದ್ದು. ಆಯುಧ ಪೂಜೆ ದಿನ. ಬೂದುಗುಂಬಳಕ್ಕೆ ಜಾರ್ತು. ಯಾರಿಗೂ ಹೇಳ್ಲಿಲ್ಲ ಮಾವ, ನಾನು ಹೇಳ್ಲೇ ಇಲ್ಲ."

ಮಾವ ನನ್ನನ್ನು ನೋಡಲಿಲ್ಲ, ಚಕ್ರವನ್ನೇ ನೋಡುತ್ತಿದ್ದರು. "ಗೊತ್ತು ಕಣಮ್ಮ. ಮಾರ್ನೇ ದಿನ ಕಾರು ತೊಳ್ದೋನು ನಾನಲ್ವಾ. ಆ ಚಕ್ರದ ಸಂದಿಯಿಂದ ಒಂದು ಹಿಡಿ ಬೀಜ ತೆಗ್ದೆ. ಗೀರೂ ಕಂಡೆ, ಪಾಲಿಶ್ ಹಾಕ್ದೆ."

"ಮತ್ತೆ ಯಾಕ್ ಸುಮ್ನಿದ್ರಿ?"

"ಹೇಳಿದ್ರೆ ಅವನು ನಿನ್ ಕೈಗೆ ಮತ್ತೆ ಕೀ ಕೊಡ್ತಿದ್ನಾ? ಅಷ್ಟ್ ಕಷ್ಟಪಟ್ಟು ಕಲ್ತಿದೀಯ." ರಿಮ್ಮಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, "ಆದ್ರೆ ಅದ್ರಿಂದ ಹಿಂಗಾಗುತ್ತೆ ಅಂತ ನಂಗೂ ಹೊಳೀಲಿಲ್ಲ. ನನ್ ಕೈಯೇ ಹೋಯ್ತು ಅನ್ಕೊಂಡಿದ್ದೆ" ಎಂದರು.

ನಾನು ಆ ಶೆಡ್ಡಿನಲ್ಲಿ, ಹಳೆಯ ಟೈರಿನ ಮೇಲೆ ಕೂತು ಅತ್ತುಬಿಟ್ಟೆ. ಮೆಕ್ಯಾನಿಕ್ಕು ಪಾಪ ಏನು ಮಾಡುವುದೆಂದು ತಿಳಿಯದೆ ಕೈ ಒರೆಸುವ ಹತ್ತಿಯ ವೇಸ್ಟನ್ನು ನನಗೆ ಕೊಟ್ಟರು. ಒರೆಸಿಕೊಂಡ ಮೇಲೆ ನನ್ನ ಮುಖಕ್ಕೂ ಗ್ರೀಸು.

ಬೋಲ್ಟಿಗೆ ಎಣ್ಣೆ ಬಿಟ್ಟು, ನಟ್ಟು ಸಡಿಲಿಸಿ, ಅವರು ಗುಂಡಿಯೊಳಗಿನಿಂದ ಕೂದಲೆಳೆಯಷ್ಟು ತಿರುವುವುದು, ನಾನು ಮೇಲೆ ಸ್ಕೇಲು ಓದುವುದು. ಐದು. ಮೂರು. ಪ್ರತಿ ಸಲವೂ ಕಾರನ್ನು ಮುಂದಕ್ಕೂ ಹಿಂದಕ್ಕೂ ತಳ್ಳಿ, ಚಕ್ರ ತನ್ನ ಜಾಗದಲ್ಲಿ ಕೂತ ಮೇಲೆ ಮತ್ತೆ ಅಳತೆ. ತಳ್ಳಿದವರು ಮಾವ, ಬೇಡವೆಂದರೂ ಕೇಳಲಿಲ್ಲ. ಎರಡೂ ಚಕ್ರ ಒಂದೇ ಅಳತೆಗೆ ಬಂದ ಮೇಲೆ ಬೋಲ್ಟನ್ನು ಬಿಗಿದು, ಅದರ ತಲೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆದರು. ಇನ್ನೊಮ್ಮೆ ಜರುಗಿದರೆ ಗೆರೆ ಹೇಳುತ್ತದೆಯಂತೆ. ಅದಾದ ಮೇಲೆಯೇ ಮುಂದಿನ ಚಕ್ರಗಳಿಗೆ ಕೈ ಹಾಕಿದ್ದು.

ಮನೆಗೆ ಬಂದು ಕೀಯನ್ನು ಮೊಳೆಗೆ ಹಾಕಿದೆ. ನನ್ನ ಗಂಡ ಟಿವಿಯಿಂದ ಕಣ್ಣು ತೆಗೆಯದೆ, "ಕಾರು ಸರಿಯಾಯ್ತಾ, ಒಳ್ಳೇದಾಯ್ತು. ಆದ್ರೂ ಅಪ್ಪನಿಗೆ ಇನ್ನು ಡ್ರೈವಿಂಗ್ ಯಾಕೆ ಬಿಡು. ಎರಡು ಸಲ ಹೊಡ್ದಿದಾರೆ" ಎಂದರು. ಮಾವ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು.

ನಾನು ಟಿವಿ ಆರಿಸಿದೆ. ಹಸುವಿನಿಂದ ಹಿಡಿದು ಏಳು ಮಿಲಿಮೀಟರಿನವರೆಗೆ, ಸೆರಗಿನಲ್ಲಿ ಗೀರು ಒರೆಸಿದ್ದನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. "ಕೀ ಕಿತ್ಕೊಳ್ಳೋದಾದ್ರೆ ನನ್ನಿಂದ ಕಿತ್ಕೊಳ್ಳಿ. ಒಂದು ಗೀರು ಬಿದ್ರೂ ವಾಪಸ್ಸು ಅಂದಿದ್ರಲ್ಲ" ಎಂದೆ. ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ತಲೆ ಕೆರೆದುಕೊಂಡು, "ಕೀ ಮೊಳೇಲೇ ಇರ್ಲಿ ಬಿಡಿ, ಯಾರಿಗ್ ಬೇಕೋ ಅವ್ರು ತಗೊಳ್ಳಿ" ಎಂದು ಒಳಗೆ ಹೋದರು. ಅವರ ಬಾಯಿಂದ ಕ್ಷಮೆ ಎಂಬುದು ಹೊರಬರುವುದು ಹೀಗೇ.

ಮರುದಿನ ಭಾನುವಾರ. ಮಾವ ಸ್ನಾನ ಮಾಡಿದರು, ಇಸ್ತ್ರಿ ಶರ್ಟು ಹಾಕಿದರು, ಕೀ ತೆಗೆದುಕೊಂಡರು. "ನೀನೂ ಬಾ" ಎಂದರು. ಮೈಸೂರು ರಸ್ತೆಯಲ್ಲಿ, ಮೆಟ್ರೋ ಕೆಳಗೆ ರಸ್ತೆ ಖಾಲಿಯಿದ್ದ ಕಡೆ ಅವರು ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಒಂದು ಗೇಣು ಎತ್ತಿದರು. ಕಾರು ನೆಟ್ಟಗೆ ಹೋಯಿತು. ಅವರು ಅಂಗೈಗಳನ್ನು ನೋಡಿಕೊಂಡರು, ಮತ್ತೆ ಹಿಡಿದುಕೊಂಡರು.

ಕೆಂಗೇರಿಯಲ್ಲಿ ಕಂಡಕ್ಟರು ಗೇಟಿಗೆ ಒರಗಿ ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ, ಕಾಲು ಚಾಚಿ ಕೂತರು.

"ಏನಯ್ಯಾ ಡ್ರೈವರ್ರೇ, ಆರು ವಾರ ಸರ್ವೀಸಾ? ವಿಮಾನಕ್ಕೂ ಅಷ್ಟ್ ದಿನ ಹಿಡಿಯಲ್ಲ."

ಮಾವ ಕನ್ನಡಿ ಸರಿಮಾಡಿಕೊಂಡರು. "ಸರ್ವೀಸೂ ಇಲ್ಲ, ಏನೂ ಇಲ್ಲ. ನಂಗೇ ಡ್ಯೂಟಿ ಕೊಟ್ಟಿರ್ಲಿಲ್ಲ ಕಣಯ್ಯಾ. ಎನ್‌ಕ್ವಯರಿ ನಡೀತಿತ್ತು."

"ನಿಂಗಾ? ಯಾವ ಸಾಹೇಬ್ರಯ್ಯಾ ಅದು?"

"ನಾನೇ ಅಂಕಲ್" ಎಂದೆ.

ಅವರು ನನ್ನ ಕಡೆ ತಿರುಗಿದರು. "ಓಹೋ! ಕೊನೇಗೆ ತಪ್ಪು ಯಾರದ್ದು ಅಂತಾಯ್ತು?"

ಕನ್ನಡಿಯಲ್ಲಿ ಮಾವ ಬೇಡ ಎನ್ನುವಂತೆ ತಲೆಯಾಡಿಸುತ್ತಿದ್ದರು.

"ಅದೂ ನಂದೇ" ಎಂದೆ.

ಕಂಡಕ್ಟರು ನನ್ನನ್ನೇ ಒಂದು ಗಳಿಗೆ ನೋಡಿದರು. ಬಾಗಿಲನ್ನು ಎರಡು ಸಲ ಬಡಿದರು.

"ಹೋಗ್ಲೀ" ಎಂದರು.